ಎಡಗಡೆ ಸೀಟಿನಲ್ಲಿ ಕೂತವರು ಸುಮ್ಮನಿರಬೇಕು

ಕಳೆದ ವರ್ಷ ನನ್ನ ಶಿರಸಿಯ ಆಪ್ತಸಲಹೆ ಕೋಣೆಗೆ ಕಾರವಾರದಿಂದ ಒಂದು ಜೋಡಿ ಬಂದಿತ್ತು. ಮದುವೆಯಾಗಿ ಆರು ವರ್ಷ. ಆತನಿಗೆ ಕಾರವಾರ ಪೇಟೆಯಲ್ಲೇ ಕಚೇರಿ, ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ಆಕೆ ಅಂಕೋಲಾ ಕಡೆಯ ಶಾಲೆಯಲ್ಲಿ ಟೀಚರ್, ದಿನಾ ಬಸ್ಸು. ತವರು ಶಿರಸಿ ಹತ್ತಿರದ ಹಳ್ಳಿ, ತೋಟದ ಮನೆ. ಇಬ್ಬರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗಬಹುದಾದ ಕೆಲವು ವಿವರ ಬದಲಿಸಿದ್ದೇನೆ.

ಜಗಳ ಕಾರಿನದು. ಇಬ್ಬರೂ ಸೇರಿ ಐದು ಲಕ್ಷ ಕೂಡಿಟ್ಟಿದ್ದರು, ಅರ್ಧ ಅರ್ಧ. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ, ಓಡಿಸೋಕೆ ಮಜಾ ಇರುವ ಕಾರು ಬೇಕು ಅನ್ನುವುದರಲ್ಲಿ ಇಬ್ಬರಿಗೂ ಒಂದೇ ಮನಸ್ಸು. ಆತನಿಗೆ ಜಿಪ್ಸಿ, ಮಾರುತಿಯ ಆ ಹಳೇ ಜೀಪಿನಂಥ ಗಾಡಿ, ಬೇಕು. ಆಕೆಗೆ ಸ್ವಿಫ್ಟ್ ಥರದ್ದೊಂದು ಸಣ್ಣ ಕಾರು ಸಾಕು. ಮೂರು ತಿಂಗಳಿಂದ ರಾತ್ರಿ ಊಟವಾದ ಮೇಲೆ ಇದೇ ಮಾತು. ಕೊನೆಕೊನೆಗೆ ಊಟಕ್ಕೆ ಕೂರುವುದೂ ಬೇರೆ ಬೇರೆ ಹೊತ್ತಿಗೆ ಅಂತಾಗಿತ್ತು.

ಕಾರಿನ ವಿಷಯಕ್ಕೆಲ್ಲಾ ಯಾರಾದರೂ ಆಪ್ತಸಲಹೆಗೆ ಬರುತ್ತಾರಾ ಅಂತ ನೀವು ಕೇಳಬಹುದು. ಬರುತ್ತಾರೆ, ಬರಬೇಕು ಕೂಡ. ಮನೆ ಕಟ್ಟುವಾಗ, ಕಾರು ಕೊಳ್ಳುವಾಗ, ಮಗುವಿಗೆ ಹೆಸರಿಡುವಾಗ ಒಳಗಿದ್ದ ಮಾತು ಹೊರಗೆ ಬೀಳುತ್ತದೆ. ಆಗಲೇ ಬಂದರೆ ಕೆಲಸ ಹಗುರ.

ಮೊದಲ ದಿನ ಕಾರಿನ ಹೆಸರು ಎತ್ತಬೇಡಿ ಅಂದೆ. ಇಬ್ಬರಿಗೂ ಒಂದೊಂದು ಹಾಳೆ ಕೊಟ್ಟು, ಗಾಡಿ ಓಡಿಸುತ್ತಾ ಕೊನೆಯ ಸಲ ಖುಷಿಯಾಗಿದ್ದು ಯಾವಾಗ ಅಂತ ಬರೆಯಲು ಹೇಳಿದೆ. ಒಬ್ಬರದು ಇನ್ನೊಬ್ಬರು ನೋಡುವ ಹಾಗಿಲ್ಲ.

ಆತ ಪುಟ ತುಂಬಿಸಿದ. ಕಾಲೇಜಿನ ಕೊನೆ ವರ್ಷ, ಆಷಾಢದ ಮಳೆ, ಗೆಳೆಯನ ಜಿಪ್ಸಿ, ಕದ್ರಾದಿಂದ ಅಣಶಿ ಘಟ್ಟ ಹತ್ತಿ ಜೋಯ್ಡಾ ತನಕ. ಹಿಂದೆ ಎದುರು ಬದುರು ಸೀಟಿನಲ್ಲಿ ನಾಲ್ಕು ಜನ, ಮೇಲಿನ ಟಾರ್ಪಾಲು ಸೋರುತ್ತಿತ್ತು, ಎಲ್ಲರೂ ಹಾಡುತ್ತಿದ್ದರು. ಆಕೆ ಬರೆದದ್ದು ಎರಡೇ ಸಾಲು. "ಅಪ್ಪಯ್ಯನ ಹಳೇ ಜೀಪು. ಬನವಾಸಿಗೆ ಆಯಿಯನ್ನು ಕರೆದುಕೊಂಡು ಹೋಗಿದ್ದೆ. ಮದುವೆಗೆ ಮುಂಚೆ."

ಮದುವೆಯಾದ ಮೇಲೆ ಅಂತ ಕೇಳಿದೆ. ಆಕೆ ಆತನ ಕಡೆ ನೋಡಿ, "ಮಾವನ ಕಾರನ್ನು ಶೆಡ್ಡಿಂದ ರಿವರ್ಸ್ ತೆಗೆದದ್ದು ಲೆಕ್ಕಕ್ಕೆ ಬರ್ತದಾ?" ಅಂದಳು.

ಲೈಸೆನ್ಸ್ ಇದೆ, ಘಟ್ಟದ ರಸ್ತೆಯಲ್ಲಿ ಕಲಿತ ಕೈ, ಹೆಚ್ಚುಕಡಿಮೆ ಆರು ವರ್ಷದಿಂದ ಸ್ಟೇರಿಂಗ್ ಹಿಡಿದಿಲ್ಲ. ಯಾಕೆ ಅಂತ ಕೇಳಿದರೆ ಆತನಿಗೆ ನಿಜಕ್ಕೂ ಗೊತ್ತಿರಲಿಲ್ಲ. "ನಾನು ಯಾವತ್ತೂ ಬೇಡ ಅಂದಿಲ್ಲವಲ್ಲ" ಅಂದ. ಹೌದು, ಅಂದಿರಲಿಲ್ಲ. ಮದುವೆಯ ಹೊಸದರಲ್ಲಿ ಆಕೆ ಓಡಿಸುವಾಗ ಪಕ್ಕದಲ್ಲಿ ಕೂತು ಕ್ಲಚ್ ಬಿಡು, ಥರ್ಡಿಗೆ ಹಾಕು, ಲಾರಿ ಬಂತು, ಹಾರ್ನ್ ಹಾಕು ಅಂತ ಹೇಳುತ್ತಿದ್ದ, ಅಷ್ಟೇ. ಎಡಗೈ ಮೇಲಿನ ಹಿಡಿಕೆಯಲ್ಲಿ, ಬಲಗೈ ಹ್ಯಾಂಡ್‌ಬ್ರೇಕ್ ಮೇಲೆ. ಆಕೆ ಅದನ್ನು ಮಾಡಿ ತೋರಿಸಿದಳು. ನನ್ನ ಕೋಣೆಯ ಪ್ಲಾಸ್ಟಿಕ್ ಕುರ್ಚಿಯಲ್ಲೇ ಬಲಗಾಲನ್ನು ನೆಲಕ್ಕೆ ಒತ್ತಿ, ಇಲ್ಲದ ಬ್ರೇಕನ್ನು ಒತ್ತುವವನ ಹಾಗೆ ಕೂತಳು. ಆತ ನೋಡುತ್ತಲೇ ಇದ್ದ. ಆಮೇಲೆ ತನ್ನ ಕಾಲು ನೋಡಿಕೊಂಡ. ಅದೂ ಹಾಗೇ ಇತ್ತು.

ಅಲ್ಲಿಗೆ ನನಗೆ ವಿಷಯ ಗೊತ್ತಾಯಿತು. ಜಿಪ್ಸಿ ಬಂದರೆ ಅದು ಆತನ ಗಾಡಿ, ತನಗೆ ಎಡಗಡೆ ಸೀಟೇ ಗತಿ ಅಂತ ಆಕೆಗೆ ಭಯ. ಆ ಭಯ ಹೇಳಿಕೊಳ್ಳಲಾಗದೆ ಮೈಲೇಜು, ಎಸಿ, ಪಾರ್ಕಿಂಗ್ ಅಂತ ವಾದ ಮಾಡುತ್ತಿದ್ದಳು. ಆತನಿಗೆ ಕೇಳಿಸುತ್ತಿದ್ದದ್ದು ಮೈಲೇಜಿನ ಮಾತು ಮಾತ್ರ. ಅದಕ್ಕೆ ಆತನ ಹತ್ತಿರ ಉತ್ತರ ರೆಡಿ ಇರುತ್ತಿತ್ತು.

ನಾನು ಕೊಟ್ಟ ಮೊದಲ ಸಲಹೆ: ಯಾವ ಕಾರನ್ನೇ ನೋಡಲು ಹೋಗಿ, ಒಬ್ಬೊಬ್ಬರೇ ಅರ್ಧ ಗಂಟೆ ಓಡಿಸಿ. ಮಾರುವವರು ಪಕ್ಕದಲ್ಲಿ ಕೂತಿರಲಿ, ಗಂಡ ಅಥವಾ ಹೆಂಡತಿ ಕೂರುವುದು ಬೇಡ. ಆಮೇಲೆ ಇಬ್ಬರೂ ಸೇರಿ ಒಂದು ಸುತ್ತು. ಆಗ ಎಡಗಡೆ ಕೂತವರು ಬಾಯಿ ಬಿಡಬಾರದು. ದನ ಅಡ್ಡ ಬಂದರೆ, ಮಗು ಓಡಿ ಬಂದರೆ "ಬ್ರೇಕ್" ಅನ್ನಬಹುದು. ಗೇರಿನ ಬಗ್ಗೆ ಒಂದು ಮಾತೂ ಇಲ್ಲ. ಕೈ ಎರಡೂ ತೊಡೆ ಮೇಲೆ. ಸಣ್ಣ ವಿಷಯ ಅನಿಸಬಹುದು, ಆದರೆ ನಾನು ನೋಡಿದ ಎಷ್ಟೋ ಮನೆಗಳಲ್ಲಿ ಹೆಂಗಸರು ಕಾರು ಬಿಟ್ಟಿದ್ದು ಪಕ್ಕದ ಸೀಟಿನ ಮಾತಿಗೆ. ರಸ್ತೆಗೆ ಹೆದರಿ ಬಿಟ್ಟವರು ಕಡಿಮೆ.

ಎರಡನೇ ಸಲ ಬಂದಾಗ ಇಬ್ಬರ ಮುಖವೂ ಬೇರೆ ಇತ್ತು. ಒಂದು ಹಳೇ ಜಿಪ್ಸಿ ನೋಡಿಕೊಂಡು ಬಂದಿದ್ದರು. ಆಕೆ ಒಬ್ಬಳೇ ಓಡಿಸಿ ಇಳಿದಾಗ ನಗುತ್ತಿದ್ದಳಂತೆ. ಎತ್ತರದ ಸೀಟು, ಮುಂದೆ ಬಾನೆಟ್ಟಿನ ಎರಡೂ ಮೂಲೆ ಕಾಣುತ್ತದೆ, ಪವರ್ ಸ್ಟೇರಿಂಗ್ ಇಲ್ಲದೆ ತೋಳಿಗೆ ಕೆಲಸ. ಎಲ್ಲ ಅಪ್ಪಯ್ಯನ ಜೀಪಿನ ಹಾಗೇ. ಆತನಿಗೆ ಮಾತ್ರ ಏನೋ ಕಡಿಮೆಯಾಯಿತು. ನಾಲ್ಕೂ ಕಡೆ ಪಟ್ಟಿ ಸ್ಪ್ರಿಂಗು, ಹೊಂಡಕ್ಕೆ ಬಿದ್ದಾಗಲೆಲ್ಲಾ ಸೊಂಟಕ್ಕೆ ಬಡಿಯಿತು. "ಹಿಂದೆ ತಿರುಗಿ ನೋಡಿದೆ ಮೇಡಂ, ಸೀಟು ಖಾಲಿ ಇತ್ತು" ಅಂದ. ಆ ಗೆಳೆಯರಲ್ಲಿ ಒಬ್ಬ ಪುಣೆಯಲ್ಲಿದ್ದಾನೆ, ಇಬ್ಬರು ಬೆಂಗಳೂರು, ಒಬ್ಬನ ಜೊತೆ ಮಾತೇ ಇಲ್ಲ. ಆವತ್ತು ಅರ್ಧ ಗಂಟೆ ನಾವು ಕಾರಿನ ಮಾತೇ ಆಡಲಿಲ್ಲ. ಆ ಗೆಳೆಯರ ಬಗ್ಗೆ ಮಾತಾಡಿದೆವು. ಬೆಂಗಳೂರಿನವರಿಬ್ಬರಿಗೆ ಫೋನ್ ಮಾಡಿ, ದೀಪಾವಳಿಗೆ ಊರಿಗೆ ಬಂದಾಗ ಸಿಗಿ ಅಂತ ಹೇಳಲು ಒಪ್ಪಿದ.

ಹಾಗಾದರೆ ಜಿಪ್ಸಿ ಆಕೆಗೆ ಇರಲಿ ಅಂತ ಆತನೇ ಅಂದ. ಬೇಡ ಅಂದವಳು ಆಕೆ, ಅದೂ ಲೆಕ್ಕ ಹಾಕಿ. ಶಾಲೆಗೆ ಹೋಗಿ ಬರಲು ದಿನಕ್ಕೆ ಸುಮಾರು 70 ಕಿಲೋಮೀಟರ್. ಜಿಪ್ಸಿ ಲೀಟರಿಗೆ ಹತ್ತು ಕೊಟ್ಟರೆ ದೊಡ್ಡದು. ಅಂದರೆ ದಿನಕ್ಕೆ ಏಳು ಲೀಟರ್, ಪೆಟ್ರೋಲು ನೂರು ರೂಪಾಯಿ ದಾಟಿದೆ. ಜೊತೆಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯ ಟಾಪಿನಲ್ಲಿ ಹೆದ್ದಾರಿ ಮೇಲೆ ಹೋಗುವುದು. 2024ರ ಜುಲೈಯಲ್ಲಿ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆ ಗುಡ್ಡ ಕುಸಿದಾಗಿನಿಂದ ಮಳೆ ಬಂದರೆ ಸಾಕು, ಆಯಿ ಬೆಳಿಗ್ಗೆ ಸಂಜೆ ಫೋನ್ ಮಾಡುತ್ತಾರೆ. "ನನಗೆ ಜಿಪ್ಸಿ ಇಷ್ಟ, ಆದ್ರೆ ದಿನಾ ಬೇಡ" ಅಂದಳು. ಈ ಮಾತು ಮೂರು ತಿಂಗಳ ಹಿಂದೆ ಆಕೆಯ ಬಾಯಲ್ಲಿ ಬರಲು ಸಾಧ್ಯವೇ ಇರಲಿಲ್ಲ.

ಇಲ್ಲಿಂದ ಮುಂದೆ ಕೊಟ್ಟದ್ದು ಬರೀ ವ್ಯವಹಾರದ ಸಲಹೆ. ಹಳೇ ಕಾರು ಕೊಂಡು ನೋಡಿದ ಅನುಭವ ನನಗೂ ಇದೆ, ಅದಕ್ಕೇ ಧೈರ್ಯವಾಗಿ ಹೇಳಿದೆ.

ಮಜಾ ಅಂದರೆ ದೊಡ್ಡ ಎಂಜಿನ್ ಅಂತ ತಿಳಿಯಬೇಡಿ. ನಮ್ಮ ರಸ್ತೆಗಳಲ್ಲಿ, ದೇವಿಮನೆ ಘಟ್ಟದ ತಿರುವುಗಳಲ್ಲಿ, ಹಗುರವಾದ ಮ್ಯಾನ್ಯುವಲ್ ಗೇರಿನ ಗಾಡಿ ಕೊಡುವ ಖುಷಿಯೇ ಬೇರೆ. 2018ರಿಂದ 2024ರ ಆರಂಭದ ತನಕ ಬಂದ ಸ್ವಿಫ್ಟ್ ಪೆಟ್ರೋಲ್ ಒಂಬೈನೂರು ಕಿಲೋ ಆಸುಪಾಸು ತೂಗುತ್ತದೆ. ತಿರುವಿನಲ್ಲಿ ಹೇಳಿದ ಹಾಗೆ ಕೇಳುತ್ತದೆ. ಎರಡು ಏರ್‌ಬ್ಯಾಗ್, ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಜಾಮ್ ಆಗದ ಎಬಿಎಸ್ ಅದರ ಎಲ್ಲ ಮಾಡೆಲ್ಲಿಗೂ ಇದೆ. ಆದರೆ ಗ್ಲೋಬಲ್ ಎನ್‌ಕ್ಯಾಪ್ ಡಿಕ್ಕಿ ಪರೀಕ್ಷೆಯಲ್ಲಿ 2018ರಲ್ಲಿ ಅದಕ್ಕೆ ಸಿಕ್ಕಿದ್ದು ಐದರಲ್ಲಿ ಎರಡೇ ಸ್ಟಾರ್, ಅದನ್ನೂ ಹೇಳಿದೆ. ಫೋಕ್ಸ್‌ವ್ಯಾಗನ್ ಪೋಲೋಗೆ ನಾಲ್ಕು ಸ್ಟಾರ್ ಸಿಕ್ಕಿತ್ತು, ಅದರ 1.0 ಟಿಎಸ್‌ಐ (ಟರ್ಬೊ ಪೆಟ್ರೋಲ್) ಮ್ಯಾನ್ಯುವಲ್ ಇಬ್ಬರಿಗೂ ತುಂಬಾ ಹಿಡಿಸಿತು. ಕೇಳಿದ ರೇಟು ಮಾತ್ರ ಕೈಗೆ ಮೀರಿತ್ತು. ಸಾಲ ಮಾಡಿ ಮಜಾ ಕೊಳ್ಳಬೇಡಿ, ಮೊದಲ ಕಂತಿಗೇ ಮಜಾ ಇಳಿಯುತ್ತದೆ ಅಂದೆ. ಐದರಲ್ಲಿ ನಾಲ್ಕೂವರೆಗೆ ಕಾರು ಮುಗಿಯಬೇಕು. ಉಳಿದ ಐವತ್ತು ಸಾವಿರ ಟೈರು, ಬ್ಯಾಟರಿ, ಬ್ರೇಕು, ಇನ್ಶೂರೆನ್ಸಿಗೆ ಅಂತ ಎತ್ತಿಡಿ.

ಕರಾವಳಿಯ ಕಾರಿಗೆ ಹೊರಗಿನ ಪೇಂಟ್ ನೋಡಿ ಪ್ರಯೋಜನವಿಲ್ಲ. ಉಪ್ಪುಗಾಳಿ ಕೆಳಗಿಂದ ತಿನ್ನುತ್ತದೆ. ಗ್ಯಾರೇಜಿನಲ್ಲಿ ಮೇಲೆತ್ತಿಸಿ ಜ್ಯಾಕ್ ಕೊಡುವ ಜಾಗ, ಸೈಲೆನ್ಸರ್, ಬಾಗಿಲಿನ ಕೆಳ ಅಂಚು ನೋಡಿ, ಬೆರಳಿನಿಂದ ಒತ್ತಿ ನೋಡಿ. ಡಿಕ್ಕಿಯ ಮ್ಯಾಟ್ ಎತ್ತಿ ಸ್ಟೆಪ್ನಿ ಇಡುವ ಗುಂಡಿ ನೋಡಿ. ಸೀಟ್‌ಬೆಲ್ಟನ್ನು ಕೊನೆ ತನಕ ಎಳೆಯಿರಿ. ನೆರೆಯಲ್ಲಿ ನಿಂತ ಗಾಡಿಯನ್ನು ಎಷ್ಟೇ ತೊಳೆದರೂ ಬೆಲ್ಟಿನ ಒಳಗಿನ ತುದಿಯಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಅವರು ನೋಡಿದ ಎರಡನೇ ಸ್ವಿಫ್ಟಿನಲ್ಲಿ ಆ ಗೆರೆ ಸಿಕ್ಕಿತು. ಹಿಡಿದದ್ದು ಆಕೆ.

ಕಾರವಾರದವರಿಗೆ ಗೋವಾ ಗಾಡಿಯ ಆಸೆ ಇದ್ದದ್ದೇ. ಮಾಜಾಳಿ ದಾಟಿದರೆ ಗೋವಾ, ರೇಟೂ ಕಮ್ಮಿ. ಆದರೆ ಅಲ್ಲಿನ ಆರ್‌ಟಿಓದಿಂದ ಎನ್‌ಒಸಿ, ಅಂದರೆ ಆಕ್ಷೇಪಣೆ ಇಲ್ಲ ಅನ್ನುವ ಪತ್ರ ತಂದು ಇಲ್ಲಿ ಮತ್ತೆ ರಿಜಿಸ್ಟರ್ ಮಾಡಿಸಬೇಕು, ಕರ್ನಾಟಕದ ರಸ್ತೆ ತೆರಿಗೆ ಕಟ್ಟಬೇಕು. ಹನ್ನೆರಡು ತಿಂಗಳಿಗಿಂತ ಜಾಸ್ತಿ ಬೇರೆ ರಾಜ್ಯದ ನಂಬರಿನಲ್ಲಿ ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ. ಅದೆಲ್ಲ ಸೇರಿಸಿ ಲೆಕ್ಕ ಹಾಕಿ, ಆಮೇಲೆ ಅಗ್ಗವೋ ಅಲ್ಲವೋ ಹೇಳಿ ಅಂದೆ. ಅವರು ಕೆಎ-31, ಶಿರಸಿ ನೋಂದಣಿಯ ಸ್ವಿಫ್ಟನ್ನೇ ಹುಡುಕಿದರು. ಘಟ್ಟದ ಮೇಲಿನ ಕಾರಿಗೆ ತುಕ್ಕು ಕಡಿಮೆ ಅಂತ ಆತನ ಲೆಕ್ಕ. ಒಳ್ಳೇ ಲೆಕ್ಕ.

ಆರ್‌ಸಿ, ಅಂದರೆ ನೋಂದಣಿ ಪತ್ರ, ಯಾರ ಹೆಸರಿಗೆ ಅನ್ನುವಲ್ಲಿ ಮತ್ತೆ ಸ್ವಲ್ಪ ಬಿಸಿಯಾಯಿತು. ಆಕೆಯ ಹೆಸರಿಗೇ ಮಾಡಿಸಿ ಅಂತ ನಾನು ನೇರವಾಗಿ ಹೇಳಿದೆ. ಸಾಮಾನ್ಯವಾಗಿ ಸಲಹೆಗಾರರು ಹೀಗೆ ಒಬ್ಬರ ಕಡೆ ನಿಲ್ಲಬಾರದು ಅನ್ನುತ್ತಾರೆ. ಆದರೆ ಆರು ವರ್ಷ ಸ್ಟೇರಿಂಗ್ ಬಿಟ್ಟವಳಿಗೆ, ಈ ಗಾಡಿ ನನ್ನದು, ಕೀಲಿ ಕೇಳಬೇಕಾಗಿಲ್ಲ ಅನ್ನುವ ಧೈರ್ಯ ಬೇಕಿತ್ತು. ಆತ ಒಂದು ನಿಮಿಷ ಸುಮ್ಮನಿದ್ದು, "ಆಯ್ತು, ನಾಮಿನಿ ನಾನು" ಅಂದ. ಅದೂ ಸರಿಯೇ. ಇನ್ಶೂರೆನ್ಸನ್ನು ಹದಿನಾಲ್ಕು ದಿನದೊಳಗೆ ಹೆಸರು ಬದಲಿಸಿಕೊಳ್ಳಿ, ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ನಿಮಗೆ ಬರುವುದಿಲ್ಲ, ಪ್ರೀಮಿಯಂ ಸ್ವಲ್ಪ ಏರುತ್ತದೆ ಅಂತ ಎಚ್ಚರಿಸಿದೆ. ಹದಿನೈದು ಲಕ್ಷದ ಕಡ್ಡಾಯ ಅಪಘಾತ ವಿಮೆ ಆರ್‌ಸಿಯಲ್ಲಿ ಹೆಸರಿದ್ದವರಿಗೆ ಮಾತ್ರ. ಆತನೂ ಓಡಿಸುವುದರಿಂದ ಆತನ ಹೆಸರಿಗೆ ಬೇರೆ ಮಾಡಿಸಲು ಹೇಳಿದೆ.

ಹಂಚಿಕೊಳ್ಳುವ ವಿಷಯ ಬಾಯಿಮಾತಲ್ಲಿ ಬಿಡಬೇಡಿ, ಅಡುಗೆಮನೆ ಕ್ಯಾಲೆಂಡರಿನಲ್ಲಿ ಬರೆಯಿರಿ ಅಂದೆ. ವಾರಕ್ಕೆ ಮೂರು ದಿನ ಆಕೆ ಶಾಲೆಗೆ ಕಾರಿನಲ್ಲಿ, ಬಾಕಿ ದಿನ ಬಸ್ಸು. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಕಾರು ಆತನದು, ಅಣಶಿಗಾದರೂ ಹೋಗಲಿ ಎಲ್ಲಿಗಾದರೂ ಹೋಗಲಿ, ಪ್ರಶ್ನೆಯಿಲ್ಲ. ಶಿರಸಿಗೆ ಹೋಗುವಾಗ ಘಟ್ಟ ಹತ್ತುವುದು ಒಬ್ಬರು, ಇಳಿಯುವುದು ಇನ್ನೊಬ್ಬರು. ಇಳಿಯುವವರು ಸೆಕೆಂಡ್ ಗೇರಿನಲ್ಲೇ ಇಳಿಯಬೇಕು, ನ್ಯೂಟ್ರಲ್ ಮಾಡಿ ಪೆಟ್ರೋಲ್ ಉಳಿಸುವ ಹುಚ್ಚು ಬೇಡ. ಬ್ರೇಕ್ ಕಾದರೆ ಹಿಡಿಯುವುದಿಲ್ಲ.

ಕಾರು ಬಂದು ಎರಡು ತಿಂಗಳಿಗೆ ಮತ್ತೊಂದು ಸಲ ಬಂದರು. ಈಗ ಜಗಳ ಸೀಟಿನದು. ಆತ ಉದ್ದ, ಆಕೆ ಗಿಡ್ಡ. ಬೆಳಿಗ್ಗೆ ಏಳೂವರೆಗೆ ಶಾಲೆಗೆ ಹೊರಟರೆ ಸೀಟು ಹಿಂದಕ್ಕೆ ಹೋಗಿರುತ್ತದೆ, ಕನ್ನಡಿಯಲ್ಲಿ ಆಕಾಶ ಕಾಣುತ್ತದೆ. ದಿನಾ ಸರಿಮಾಡಿಕೊಳ್ಳುವ ಹೊತ್ತಿಗೆ ಸಿಟ್ಟು ಬರುತ್ತದೆ ಅಂದಳು. ನಾನು ಇದನ್ನು ಸಣ್ಣದು ಅಂತ ತಳ್ಳಲಿಲ್ಲ. ಯಾರು ಕೊನೆಗೆ ಓಡಿಸಿದರೋ ಅವರು ಇಳಿಯುವ ಮುಂಚೆ ಸೀಟನ್ನು ಇನ್ನೊಬ್ಬರ ಅಳತೆಗೆ ತಂದಿಡಲಿ, ಒಂದು ತಿಂಗಳು ಮಾಡಿ ನೋಡಿ ಅಂದೆ.

ಹೋದ ವಾರ ಆಕೆ ಒಂದು ಫೋಟೋ ಕಳಿಸಿದ್ದಳು. ಡ್ರೈವರ್ ಸೀಟಿನ ಕೆಳಗಿನ ಹಳಿ, ಅದರ ಮೇಲೆ ಉಗುರುಬಣ್ಣದ ಎರಡು ಗೀಟು. ಮುಂದಿನದು ಕೆಂಪು, ಹಿಂದಿನದು ನೀಲಿ. ಸೀಟು ಕೆಂಪು ಗೀಟಿಗೆ ಸರಿಯಾಗಿ ನಿಂತಿತ್ತು. ಕೆಳಗೆ ಬರೆದಿದ್ದಳು: "ನಿನ್ನೆ ರಾತ್ರಿ ಓಡಿಸಿದ್ದು ಅವನು."