ಹಳೆಯ ಕಾರಿನ ಎಂಡ್ಯೂರೆನ್ಸ್ ರೇಸ್: ಸೂಜಿ ಇಳಿದರೂ ಒಳಗೆ ಕರೆಯಿರಿ

ಮೈಸೂರಿನ ನಾಲ್ವರು ಗೆಳೆಯರು, ಒಂದು ಹಳೆಯ ಮಾರುತಿ 800, ಕೈಯಲ್ಲಿ ಒಂದೂವರೆ ಲಕ್ಷ ರೂಪಾಯಿ, ಗಂಟೆಗಟ್ಟಲೆ ಸರದಿಯ ಮೇಲೆ ಓಡಿಸುವ ಎಂಡ್ಯೂರೆನ್ಸ್ ರೇಸ್‌ಗೆ ಇಳಿಯುವ ಆಸೆ. ಮೊದಲು ಇಂಜಿನ್‌ಗೆ ಸುರಿಯಬೇಕೇ, ಟೈರ್‌ಗೆ ಸುರಿಯಬೇಕೇ ಎಂದು ಕೇಳಿದ್ದೀರಿ. ಮೂರು ವರ್ಷಗಳ ಹಿಂದೆ ನಾವೂ ನಾಲ್ವರೇ. ನಮ್ಮದೂ 800. ನಾವೂ ಇದೇ ಪ್ರಶ್ನೆ ಹಿಡಿದುಕೊಂಡು ಆರು ತಿಂಗಳು ಜಗಳವಾಡಿದೆವು.

ಕಾರಿಗೆ ಕೊಟ್ಟದ್ದು 38,000 ರೂಪಾಯಿ. ಕಾರ್ಬ್ಯುರೇಟರ್ ಕಾಲದ ಗಾಡಿ, 796 ಸಿಸಿ, ಮೂರು ಸಿಲಿಂಡರ್, ಹೊಸದಾಗಿದ್ದಾಗಲೇ ನಲವತ್ತು ಅಶ್ವಶಕ್ತಿಯೂ ಇರಲಿಲ್ಲ. ನಾನು, ನನ್ನ ಚಿಕ್ಕಪ್ಪನ ಮಗ, ಪಾಲಿಟೆಕ್ನಿಕ್‌ನಲ್ಲಿ ಜೊತೆಗೆ ಓದಿದ ಇಬ್ಬರು. ಪ್ರತಿ ಭಾನುವಾರ ಬನ್ನಿಮಂಟಪದ ಗ್ಯಾರೇಜೊಂದರ ಹಿಂದಿನ ಶೆಡ್ಡಿನಲ್ಲಿ ಸೇರುತ್ತಿದ್ದೆವು. ಕಾರ್ಬ್ಯುರೇಟರ್ ಜೆಟ್ ಬದಲಿಸಿದೆವು, ಸೈಲೆನ್ಸರ್ ಪೈಪ್ ಹೊಸದಾಗಿ ಬಗ್ಗಿಸಿ ಹಾಕಿಸಿದೆವು, ಸೀಟು, ಕಾರ್ಪೆಟ್, ಬಾಗಿಲಿನ ಒಳಹೊದಿಕೆ ಎಲ್ಲವನ್ನೂ ಕಿತ್ತೆಸೆದೆವು. ಭಾರ ಇಳಿಸುವ ಹುಚ್ಚು ಹಿಡಿದ ಮೇಲೆ ಕಣ್ಣು ಹೀಟರ್ ಮೇಲೂ ಬಿತ್ತು. ಅದನ್ನೂ ಬಿಚ್ಚಿದೆವು. ಇಂಜಿನ್‌ನಿಂದ ಹೀಟರ್‌ಗೆ ಹೋಗಿ ಬರುವ ಎರಡು ನೀರಿನ ಬಾಯಿಗಳು ಆಗ ತೆರೆದುಕೊಂಡವು. ಶೆಡ್ಡಿನ ಮೂಲೆಯಲ್ಲಿ ಬಿದ್ದಿದ್ದ ಹಳೆಯ ಹೋಸ್ ತುಂಡೊಂದನ್ನು ಯೂ ಆಕಾರದಲ್ಲಿ ಬಗ್ಗಿಸಿ, ಎರಡನ್ನೂ ಸೇರಿಸಿ, ಕ್ಲಿಪ್ ಹಾಕಿ ಬಿಗಿದವನು ನಾನೇ.

ಕೊಯಮತ್ತೂರಿನ ಬಳಿ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆಯಲ್ಲ, ಅಲ್ಲಿ ಹವ್ಯಾಸಿಗಳ ನಾಲ್ಕು ಗಂಟೆಗಳ ಓಟಕ್ಕೆ ಹೋದೆವು. ಒಂದು ಸುತ್ತು ಸುಮಾರು 2.1 ಕಿಲೋಮೀಟರ್. ನಮ್ಮ ಕಾರಿಗೆ ಅದಕ್ಕೆ ಹತ್ತಿರ ಹತ್ತಿರ 95 ಸೆಕೆಂಡು ಬೇಕಾಗುತ್ತಿತ್ತು. ತಲೆಗೊಂದು ಗಂಟೆ ಎಂದು ಹಂಚಿಕೊಂಡಿದ್ದೆವು. ಎರಡನೆಯ ಸರದಿ ತಮ್ಮನದು, ಅಂದರೆ ಚಿಕ್ಕಪ್ಪನ ಮಗನದು. ಅವನು ಹೊರಡುವ ಮೊದಲು ಕಿಟಕಿಯಲ್ಲಿ ಬಗ್ಗಿ, ಇಂಜಿನ್ ಉಷ್ಣತೆಯ ಸೂಜಿ ತೋರಿಸಿ ನಾನು ಹೇಳಿದ ಮಾತು ಇಷ್ಟೇ: "ಸೂಜಿ ಕೆಂಪು ಗೆರೆ ಮುಟ್ಟಿದರೆ ಒಳಗೆ ಬಾ. ಮುಟ್ಟದಿದ್ದರೆ ಬರಬೇಡ, ಓಡಿಸು."

ಅವನ ಸರದಿಯ ನಡುವೆ ನಾನು ಬಿಗಿದಿದ್ದ ಆ ಹಳೆಯ ಹೋಸ್ ಸೀಳಿತು. ಆದರೂ ನಮ್ಮ ಇಂಜಿನ್ ಕೊಂದದ್ದು ಆ ಮಾತು. ಹೋಸ್ ಯಾರ ಕಾರಿನಲ್ಲಾದರೂ ಒಡೆಯಬಹುದು. ಒಡೆದ ಮೇಲೂ ಇಂಜಿನ್ ಉಳಿಸಿಕೊಳ್ಳಲು ಒಂದೆರಡು ನಿಮಿಷ ಸಿಗುತ್ತದೆ. ಆ ಎರಡು ನಿಮಿಷವನ್ನು ನನ್ನ ಮಾತು ತಿಂದುಹಾಕಿತು. ಹೇಗೆ ಎಂದು ಬಿಡಿಸಿ ಹೇಳುತ್ತೇನೆ, ಏಕೆಂದರೆ ನಮ್ಮ ನಾಲ್ವರಿಗೂ ಡಿಪ್ಲೊಮಾ ಇತ್ತು, ಇದು ಮಾತ್ರ ಒಬ್ಬರಿಗೂ ಹೊಳೆದಿರಲಿಲ್ಲ.

ಉಷ್ಣತೆ ತೋರಿಸುವ ಸೂಜಿ ಇಂಜಿನ್‌ನ ಲೋಹವನ್ನು ಅಳೆಯುವುದಿಲ್ಲ. ಅದರ ಸೆನ್ಸರ್ ನೀರಿನ ದಾರಿಯಲ್ಲಿ ಮುಳುಗಿ ಕೂತಿರುತ್ತದೆ; ತನ್ನನ್ನು ಸುತ್ತಿದ ನೀರು ಎಷ್ಟು ಬಿಸಿಯಾಗಿದೆ ಎಂದಷ್ಟೇ ಹೇಳುತ್ತದೆ. ರೇಡಿಯೇಟರ್ ಮುಚ್ಚಳ ಒತ್ತಡವನ್ನು ಹಿಡಿದಿಟ್ಟುಕೊಂಡಿರುವವರೆಗೆ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಮನೆಯ ಕುಕ್ಕರಿನಲ್ಲಿ ಆಗುವುದೂ ಇದೇ. 0.9 ಬಾರ್ ಒತ್ತಡ ಹಿಡಿಯುವ ಮುಚ್ಚಳವಿದ್ದರೆ ಹೆಚ್ಚುಕಡಿಮೆ 118 ಡಿಗ್ರಿ ಸೆಲ್ಸಿಯಸ್‌ವರೆಗೂ ತಡೆಯುತ್ತದೆ. ಹೋಸ್ ಸೀಳಿದ ಕ್ಷಣ ಒತ್ತಡ ಬಿದ್ದುಹೋಯಿತು, ಒಳಗಿದ್ದ ನೀರು ಒಮ್ಮೆಗೇ ಕುದಿದು ಹೊರಗೆ ನುಗ್ಗಿತು. ಸೆನ್ಸರ್ ಸುತ್ತ ಉಳಿದದ್ದು ಗಾಳಿ ಮತ್ತು ಒಂದಿಷ್ಟು ಹಬೆ. ಗಾಳಿ ನೀರಿನಂತೆ ಶಾಖ ಮುಟ್ಟಿಸುವುದಿಲ್ಲ. ಹಾಗಾಗಿ ಸೂಜಿ ಕೆಳಗೆ ಇಳಿಯತೊಡಗಿತು. ಅದೇ ಹೊತ್ತಿಗೆ ನೀರಿಲ್ಲದ ಸಿಲಿಂಡರ್ ಹೆಡ್, ಅಂದರೆ ಇಂಜಿನ್‌ನ ಮೇಲ್ಭಾಗ, ಕಾಯುತ್ತಾ ಹೋಯಿತು. ಹೆಡ್ ಅಲ್ಯೂಮಿನಿಯಂ, ಕೆಳಗಿನ ಬ್ಲಾಕ್ ಎರಕದ ಕಬ್ಬಿಣ. ಅದೇ ಶಾಖಕ್ಕೆ ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಬೋಲ್ಟುಗಳು ಬಿಗಿದು ಹಿಡಿದಿರುವಾಗ ಹಿಗ್ಗಲು ಜಾಗ ಎಲ್ಲಿ? ಹೆಡ್ ಸೊಟ್ಟಗಾಯಿತು, ಎರಡರ ನಡುವೆ ಸೋರದಂತೆ ಇಡುವ ಗ್ಯಾಸ್ಕೆಟ್ ಹಾರಿತು.

ಸೂಜಿ ಏರಿದರೆ ಬಾ ಎಂದು ಹೇಳಿಸಿಕೊಂಡವನಿಗೆ ಸೂಜಿ ಇಳಿಯುವುದು ಶುಭವಾರ್ತೆಯಂತೆ ಕಂಡಿತು. ಇಂಜಿನ್ ತಣ್ಣಗಾಗುತ್ತಿದೆ ಎಂದುಕೊಂಡು ಅವನು ಇನ್ನಷ್ಟು ಒತ್ತಿದ. ಮೂರು ಸುತ್ತು. ಮುಖ್ಯ ನೇರದಾರಿಯಲ್ಲಿ ಕಾರು ಹಬೆ ಬಿಡುತ್ತಾ ಹೋದದ್ದನ್ನು ಪಕ್ಕದ ಪಿಟ್‌ನವರು (ಪಿಟ್ ಎಂದರೆ ಓಟದ ನಡುವೆ ಕಾರು ನಿಲ್ಲಿಸಿ ಸರಿಮಾಡುವ ಜಾಗ) ನೋಡಿದರು. ನಮ್ಮವರು ನೋಡಲಿಲ್ಲ. ನಾನು ಮುಂದಿನ ಸರದಿಗೆ ಹೆಲ್ಮೆಟ್ ಪಟ್ಟಿ ಬಿಗಿಯುತ್ತಿದ್ದೆ. ಮೊದಲ ಸರದಿ ಮುಗಿಸಿದವನು ನೆರಳಲ್ಲಿ ಮಲಗಿದ್ದ. ನಾಲ್ಕನೆಯವನು ತನ್ನ ಸರದಿಗೆ ಪೆಟ್ರೋಲ್ ಲೆಕ್ಕ ಹಾಕುತ್ತಿದ್ದ.

ಕಾರನ್ನು ಲಾರಿಗೆ ಹಾಕಿಕೊಂಡು ಹೊರಟಾಗ ಕತ್ತಲಾಗಿತ್ತು. ಮೈಸೂರಿನ ದಾರಿಯ ದಿಂಬಂ ಘಟ್ಟದಲ್ಲಿ ರಾತ್ರಿ ಸಂಚಾರ ನಿಷೇಧ, ಘಟ್ಟದ ಬುಡದ ಬಣ್ಣಾರಿಯಲ್ಲೇ ಬೆಳಗಿನವರೆಗೆ ಕಾಯಬೇಕಾಯಿತು. ತಮ್ಮ ಊಟ ಮಾಡಲಿಲ್ಲ. ನಡುರಾತ್ರಿ ಕಳೆದ ಮೇಲೆ, "ಅಣ್ಣ, ಸೂಜಿ ಕೆಂಪು ಮುಟ್ಟಲೇ ಇಲ್ಲ, ನಾನು ನೋಡುತ್ತಲೇ ಇದ್ದೆ" ಎಂದ. ನೀನು ಸರಿಯಾಗಿಯೇ ನೋಡಿದ್ದೀಯೆ, ಹೇಳಿದವನು ತಪ್ಪು ಹೇಳಿದ ಎಂದು ಅವನಿಗೆ ಅರ್ಥ ಮಾಡಿಸಲು ನನಗೆ ವಾರ ಹಿಡಿಯಿತು. ಬೆಳಿಗ್ಗೆ ಇಪ್ಪತ್ತೇಳು ತಿರುವು ಹತ್ತುವಾಗ ಲಾರಿಯಲ್ಲಿ ಯಾರೂ ಮಾತನಾಡಲಿಲ್ಲ.

ಈಗ ನಿಮ್ಮ ಪ್ರಶ್ನೆ. ಇಂಜಿನ್ನೋ ಟೈರೋ ಎಂಬ ಪ್ರಶ್ನೆಯೇ ತಪ್ಪು ಎನ್ನುತ್ತೇನೆ. ಲೆಕ್ಕ ನೋಡಿ. ಆರು ತಿಂಗಳ ಇಂಜಿನ್ ಕೆಲಸದಿಂದ ನಮಗೆ ಸಿಕ್ಕದ್ದು ಸುತ್ತಿಗೆ ಎರಡು ಸೆಕೆಂಡು. ನಾಲ್ಕು ಗಂಟೆಗಳಲ್ಲಿ ಅದರಿಂದ ಹೆಚ್ಚೆಂದರೆ ಮೂರು ಸುತ್ತು ಲಾಭ. ಪಿಟ್‌ನಲ್ಲಿ ಐದು ನಿಮಿಷ ನಿಂತರೆ ಆ ಮೂರು ಸುತ್ತೂ ಹೋಯಿತು. ಆದ್ದರಿಂದ ನಿಮ್ಮ ಹಣ ಮೊದಲು ಹೋಗಬೇಕಾದದ್ದು ನೀರಿಗೆ: ಇಂಜಿನ್‌ನಲ್ಲಿರುವ ಪ್ರತಿಯೊಂದು ಹೋಸ್, ಕ್ಲಿಪ್, ಥರ್ಮೋಸ್ಟಾಟ್, ರೇಡಿಯೇಟರ್ ಮುಚ್ಚಳ, ವಾಟರ್ ಪಂಪ್. ನೋಡಲು ಚೆನ್ನಾಗಿದ್ದರೂ ಬದಲಿಸಿ. ಹೀಟರ್ ಅದರ ಜಾಗದಲ್ಲೇ ಇರಲಿ. ಸೂಜಿಯ ಜೊತೆಗೆ ಹೆಡ್‌ನ ಲೋಹವನ್ನೇ ಮುಟ್ಟಿ ಅಳೆಯುವ ಇನ್ನೊಂದು ಮೀಟರ್ ಹಾಕಿಸಿ. ನೀರು ಖಾಲಿಯಾದರೂ ಅದು ಸುಳ್ಳು ಹೇಳುವುದಿಲ್ಲ.

ಆಮೇಲೆ ಬ್ರೇಕ್ ಎಣ್ಣೆ. ಅದು ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ; ಕುದಿದರೆ ಬ್ರೇಕ್ ಹಿಡಿಯುವುದಿಲ್ಲ. ಡಾಟ್ 3 ದರ್ಜೆಯ ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 205 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ; ತೇವ ಕುಡಿದ ಮೇಲೆ ಅದೇ ಮಿತಿ 140ಕ್ಕೆ ಇಳಿಯುತ್ತದೆ. ಡಾಟ್ 4ಕ್ಕೆ 230 ಮತ್ತು 155. ಪ್ರತಿ ಓಟಕ್ಕೂ ಮೊದಲು ಹೊಸ ಡಾಟ್ 4 ತುಂಬಿಸಿ.

ರೋಲ್ ಕೇಜ್ (ಕಾರು ಉರುಳಿದರೆ ಒಳಗಿನವರನ್ನು ಕಾಯುವ ಲೋಹದ ಚೌಕಟ್ಟು), ಬೆಲ್ಟು, ಬೆಂಕಿ ತಡೆಯುವ ಉಡುಪು ಇವುಗಳಿಗೆ ಕಾರಿನ ಬೆಲೆಗಿಂತ ಹೆಚ್ಚು ಖರ್ಚಾಗುತ್ತದೆ ಎಂದು ಬೇಸರಪಟ್ಟಿದ್ದೀರಿ. ಬೇಸರ ಬೇಡ. ಅಗ್ಗದ ಕಾರುಗಳ ಓಟಕ್ಕೆ ಹೆಸರಾದ, 2006ರಲ್ಲಿ ಅಮೆರಿಕದಲ್ಲಿ ಶುರುವಾದ 24 ಅವರ್ಸ್ ಆಫ್ ಲೆಮನ್ಸ್‌ನಲ್ಲೂ ಕಾರಿಗೆ 500 ಡಾಲರ್ ಮಿತಿ ಇಟ್ಟವರು ಸುರಕ್ಷತೆಯ ಸಾಮಾನನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲ. ಜೀವದ ಲೆಕ್ಕ ಬೇರೆ ಪುಸ್ತಕದಲ್ಲಿರಲಿ. ಬೆಳಗಿನ ಜಾವ ರಿಂಗ್ ರಸ್ತೆಯಲ್ಲಿ ಅಭ್ಯಾಸ ಮಾಡುತ್ತೇವೆ ಎಂದು ಬರೆದಿದ್ದೀರಲ್ಲ, ಅದನ್ನು ಇವತ್ತೇ ನಿಲ್ಲಿಸಿ. ಆ ಹೊತ್ತಿಗೆ ಆ ರಸ್ತೆಯಲ್ಲಿ ಹಾಲಿನವರು, ತರಕಾರಿಯವರು, ವಾಕಿಂಗ್ ಹೋಗುವ ಹಿರಿಯರು ಇರುತ್ತಾರೆ. ಅಭ್ಯಾಸಕ್ಕೆ ಟ್ರ್ಯಾಕ್ ಬಾಡಿಗೆಗೆ ಸಿಗುತ್ತದೆ.

ಇನ್ನೊಂದು ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ. ನಾಲ್ವರೂ ಓಡಿಸುತ್ತೇವೆ ಎಂದಿದ್ದೀರಿ. ಹಾಗಾದರೆ ನಿಮ್ಮ ತಂಡದಲ್ಲಿ ಒಬ್ಬರು ಕಡಿಮೆ ಇದ್ದೀರಿ. ಪಿಟ್‌ನಲ್ಲಿ ನಿಂತು ಕಾರಿನ ಮೇಲೇ ಕಣ್ಣಿಡಲು, ಓಡಿಸುವ ಆಸೆಯೇ ಇಲ್ಲದ ಐದನೆಯವರನ್ನು ಹುಡುಕಿ.

ನಮಗೆ ಆ ಐದನೆಯವರು ಮನೆಯಲ್ಲೇ ಸಿಕ್ಕರು. ಮುಂದಿನ ಓಟಕ್ಕೆ ಮಗನನ್ನು ಒಬ್ಬನೇ ಕಳಿಸುವುದಿಲ್ಲ ಎಂದು ಚಿಕ್ಕಮ್ಮ ಹಟ ಹಿಡಿದು ಹೊರಟರು. ಮೂವತ್ತು ವರ್ಷ ಶಾಲೆಯಲ್ಲಿ ಹಾಜರಿ ಕರೆದವರು. ಒಂದು ಗೆರೆ ಹಾಕಿದ ನೋಟ್‌ಬುಕ್, ಒಂದು ವಾಕಿಟಾಕಿ. ಐದು ಸುತ್ತಿಗೊಮ್ಮೆ ಓಡಿಸುತ್ತಿರುವವನು ಸೂಜಿ ಎಲ್ಲಿದೆ ಎಂದು ಹೇಳಬೇಕು, ಅವರು ಬರೆದುಕೊಳ್ಳಬೇಕು. ಮೂರನೆಯ ಗಂಟೆಯಲ್ಲಿ ತಮ್ಮ, "ಅಮ್ಮ, ಸ್ವಲ್ಪ ಇಳಿದಿದೆ, ತಣ್ಣಗಿದೆ" ಎಂದ.

"ತಣ್ಣಗಿದ್ದರೂ ಬಾ" ಎಂದರು ಚಿಕ್ಕಮ್ಮ.

ಕೆಳಗಿನ ಹೋಸ್‌ನ ಕ್ಲಿಪ್ ಸಡಿಲವಾಗಿತ್ತು. ಇಂಜಿನ್ ಸ್ವಲ್ಪ ತಣಿಯುವವರೆಗೆ ಕಾದು, ಕ್ಲಿಪ್ ಬಿಗಿದು, ನೀರು ತುಂಬಿಸುವಷ್ಟರಲ್ಲಿ ಹದಿನೈದು ನಿಮಿಷ, ಒಂಬತ್ತು ಸುತ್ತು ಹೋಯಿತು. ಚಿಕ್ಕಮ್ಮ ಅದನ್ನೂ ಬರೆದುಕೊಂಡರು. ಕೊನೆಯ ಬಾವುಟ ಬೀಳುವಾಗ ನಮ್ಮ ಕಾರು ಟ್ರ್ಯಾಕ್ ಮೇಲಿತ್ತು.