ಪಂಚಾಯ್ತಿ ಕಟ್ಟೆ: ಗಡಿಯಲ್ಲಿ ಬಿದ್ದ ಕಸ ಯಾವ ಪಂಚಾಯ್ತಿಯದು?

ಈ ತಿಂಗಳು ಬಂದ ಕಾಗದಗಳಲ್ಲಿ ನಾಲ್ಕು ಒಂದೇ ತರಹದವು. ನಮ್ಮ ಪಂಚಾಯ್ತಿ ಮತ್ತು ಪಕ್ಕದ ಪಂಚಾಯ್ತಿ ನಡುವೆ ಸಿಕ್ಕಿಕೊಂಡ ವಿಷಯಗಳು. ತುಮಕೂರು ಜಿಲ್ಲೆಯಲ್ಲಿ ಕಾರ್ಯದರ್ಶಿಯಾಗಿ ಸೇರಿ, ಪಿಡಿಒ (ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ) ಆಗಿ ನಿವೃತ್ತಿಯಾದವನು ನಾನು. ಈ ವಿಷಯ ನನ್ನ ಮನಸ್ಸಿಗೆ ತುಂಬಾ ಹತ್ತಿರ. ಹಾಗಾಗಿ ಈ ಸಲ ಈ ನಾಲ್ಕಕ್ಕೇ ಉತ್ತರ. ಉಳಿದವರು ದಯವಿಟ್ಟು ಮುಂದಿನ ತಿಂಗಳವರೆಗೆ ಕಾಯಬೇಕು.

ಪ್ರಶ್ನೆ: ನಮ್ಮೂರಿಗೂ ಪಕ್ಕದ ಊರಿಗೂ ನಡುವೆ ರಸ್ತೆಯಲ್ಲಿ ಒಂದು ಮೋರಿ ಇದೆ. ಅದರ ಪಕ್ಕ ಎರಡೂ ಊರಿನವರು ಕಸ ಸುರಿಯುತ್ತಾರೆ. ಕೋಳಿ ಅಂಗಡಿಯ ಪುಕ್ಕ, ಮದುವೆ ಮನೆಯ ಎಲೆ, ಪ್ಲಾಸ್ಟಿಕ್ ಲೋಟ ಎಲ್ಲಾ ಅಲ್ಲೇ. ನಮ್ಮ ಪಂಚಾಯ್ತಿಯವರು "ಅದು ಅವರ ಹದ್ದು" ಅಂತಾರೆ. ಅವರನ್ನು ಕೇಳಿದರೆ "ನಿಮ್ಮದು" ಅಂತಾರೆ. ನಾವು ಯಾರನ್ನು ಕೇಳೋಣ?
— ತುಮಕೂರು ಜಿಲ್ಲೆಯ ಓದುಗರು

ಉತ್ತರ: ನಿಮ್ಮ ಕಾಗದ ಓದುವಾಗ ನಾನು ಕೆಲಸ ಮಾಡಿದ ಒಂದು ಪಂಚಾಯ್ತಿಯೇ ಕಣ್ಣ ಮುಂದೆ ಬಂತು. ಅಲ್ಲೂ ಹೀಗೇ ಒಂದು ಮೋರಿ, ಹೀಗೇ ಒಂದು ಗುಡ್ಡೆ. ಎರಡು ವರ್ಷ ಎರಡೂ ಕಚೇರಿಗಳ ನಡುವೆ ಬರೀ ಕಾಗದ ಓಡಾಡಿತು. ಅದರಲ್ಲಿ ಆರು ಕಾಗದ ನಾನೇ ಬರೆದವು. ಕೊನೆಗೆ ತಾಲ್ಲೂಕು ಕಚೇರಿಯಿಂದ ಸರ್ವೆಯವರನ್ನು ಕರೆಸಿದೆವು. ನಕ್ಷೆ ಹಿಡಿದು, ಸರಪಳಿ ಎಳೆದು ನೋಡಿದರೆ ಗಡಿ ಗುರುತಿನ ಬಾಂದು ಕಲ್ಲು ಆ ಕಸದ ಗುಡ್ಡೆಯ ಅಡಿಯಲ್ಲೇ ಇತ್ತು. ಆಳುಗಳು ಸಲಿಕೆಯಿಂದ ಮೂರಡಿ ತೆಗೆದ ಮೇಲೆ ಕಲ್ಲಿನ ತಲೆ ಕಾಣಿಸಿತು. ಅದಕ್ಕೆ ಒಂದು ಹರಿದ ಗೊಬ್ಬರದ ಚೀಲ ಸುತ್ತಿಕೊಂಡಿತ್ತು.

ಪಕ್ಕದ ಪಂಚಾಯ್ತಿಯ ಅಧ್ಯಕ್ಷೆ ಅಲ್ಲೇ ನಿಂತಿದ್ದರು. ಮೊದಲ ಸಲ ಗೆದ್ದು ಬಂದ ಹೆಣ್ಣುಮಗಳು. ಅವರು ಹೇಳಿದ ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. "ಕಲ್ಲು ಸಿಕ್ತಲ್ಲ ಸಾರ್. ಅರ್ಧ ನಮ್ಮದು, ಅರ್ಧ ನಿಮ್ಮದು. ಟ್ರ್ಯಾಕ್ಟರ್ ನಾನು ಕಳಿಸ್ತೀನಿ, ಆಳು ನೀವು ಕಳಿಸಿ." ಎರಡು ದಿನದಲ್ಲಿ ಜಾಗ ಬಯಲಾಯಿತು.

ಆದರೆ ಒಂದೇ ತಿಂಗಳಲ್ಲಿ ಮತ್ತೆ ಗುಡ್ಡೆ ಬಿತ್ತು. ಜನ ಕಸವನ್ನು ತಲೆ ಮೇಲೆ ಇಟ್ಟುಕೊಳ್ಳೋಕೆ ಆಗಲ್ಲ, ಅಲ್ವಾ? ಮನೆ ಬಾಗಿಲಿಗೆ ಗಾಡಿ ಬರದಿದ್ದರೆ ಅದು ಎಲ್ಲೋ ಒಂದು ಕಡೆ ಬೀಳಲೇಬೇಕು. ನಮ್ಮಲ್ಲಿ ಗಾಡಿ ಇತ್ತು, ಆದರೆ ವಾರದಲ್ಲಿ ಮೂರು ದಿನ ನಿಂತಿರುತ್ತಿತ್ತು. ಅವರಲ್ಲಿ ಗಾಡಿಯೇ ಇರಲಿಲ್ಲ. ಆ ಮೂರು ದಿನ ಗಾಡಿ ಅವರ ಹಳ್ಳಿಗಳಿಗೆ ಹೋಗಲಿ ಅಂತ ಮಾತಾಯಿತು. ಓಡಿಸುವವರು ನಮ್ಮ ಸಂಜೀವಿನಿ ಸ್ವಸಹಾಯ ಗುಂಪಿನ ಹೆಣ್ಣುಮಕ್ಕಳು. ಆ ದಿನಗಳ ಡೀಸೆಲ್ ಮತ್ತು ಕೂಲಿ ಅವರ ಪಂಚಾಯ್ತಿಯದು. ರಿಪೇರಿ ಬಂದರೆ ಅರ್ಧರ್ಧ.

ಇಲ್ಲಿ ನಾವು ಮಾಡಿದ ಒಂದು ಕೆಲಸವನ್ನು ನೀವೂ ತಪ್ಪದೆ ಮಾಡಿಸಿ. ಬಾಯಿಮಾತಿಗೆ ಬಿಡಲಿಲ್ಲ. ಎರಡೂ ಪಂಚಾಯ್ತಿಯ ಸಾಮಾನ್ಯ ಸಭೆಯಲ್ಲಿ ಒಂದೇ ಒಕ್ಕಣೆಯ ಠರಾವು ಮಾಡಿ, ಎರಡೂ ನಡಾವಳಿ ಪುಸ್ತಕದಲ್ಲಿ ಬರೆಸಿದೆವು. ಯಾವ ದಿನ ಗಾಡಿ ಯಾರದು, ದುಡ್ಡು ಯಾರು ಎಷ್ಟು ಕೊಡಬೇಕು, ಬೀಗದ ಕೈ ಯಾರ ಹತ್ತಿರ, ಬಿಟ್ಟುಹೋಗಬೇಕಾದರೆ ಎಷ್ಟು ದಿನ ಮೊದಲು ತಿಳಿಸಬೇಕು, ಎಲ್ಲಾ ಅದರಲ್ಲಿತ್ತು. ಪ್ರತಿಯನ್ನು ತಾಲ್ಲೂಕು ಪಂಚಾಯ್ತಿ ಇಒ (ಕಾರ್ಯನಿರ್ವಾಹಕ ಅಧಿಕಾರಿ) ಅವರಿಗೆ ಕಳಿಸಿ ಒಪ್ಪಿಗೆ ತೆಗೆದುಕೊಂಡೆವು. ಹದ್ದಿನ ಆಚೆ ಖರ್ಚು ಮಾಡಿದರೆ ಆಡಿಟ್‌ನಲ್ಲಿ ಆಕ್ಷೇಪ ಬರುತ್ತದೆ ಅನ್ನೋ ಭಯ ಪ್ರತಿ ಪಿಡಿಒಗೂ ಇರುತ್ತದೆ. ಆ ಭಯ ಸುಳ್ಳಲ್ಲ. ಮೊದಲೇ ಒಪ್ಪಿಗೆ ಇದ್ದರೆ ಕೈ ನಡುಗುವುದಿಲ್ಲ.

ಈ ಠರಾವಿನ ಬೆಲೆ ಗೊತ್ತಾಗಿದ್ದು ಪಕ್ಕದ ಪಂಚಾಯ್ತಿಯ ಅಧ್ಯಕ್ಷರು ಬದಲಾದಾಗ. ಈಗ ಗ್ರಾಮ ಪಂಚಾಯ್ತಿ ಅಧ್ಯಕ್ಷರ ಅವಧಿ 30 ತಿಂಗಳು. ಹೊಸಬರು ಬಂದ ಕೂಡಲೇ "ಅವರ ಗಾಡಿಗೆ ನಾವ್ಯಾಕೆ ಡೀಸೆಲ್ ಹಾಕಬೇಕು?" ಅಂತ ಕೇಳಿದರು. ಕೇಳಿದ್ದು ತಪ್ಪಲ್ಲ, ಅವರಿಗೆ ಹಿಂದಿನದು ಗೊತ್ತಿರಲಿಲ್ಲ. ಪುಸ್ತಕ ತೆಗೆದು ತೋರಿಸಿದೆವು. ಓದಿದರು, ಸಹಿ ನೋಡಿದರು, ಗಾಡಿ ಓಡಿತು. ಸ್ನೇಹ ಚೆನ್ನಾಗಿರುವಾಗಲೇ ಬರೆಸಿಡಿ. ಜಗಳ ಶುರುವಾದ ಮೇಲೆ ಯಾರೂ ಸಹಿ ಹಾಕುವುದಿಲ್ಲ.

ಇನ್ನೂ ದೊಡ್ಡ ಮಟ್ಟದಲ್ಲಿ ಹೇಗೆ ನಡೆಯುತ್ತದೆ ಅಂತ ನೋಡಬೇಕಾದರೆ ನಿಮ್ಮ ಸದಸ್ಯರನ್ನು ಕರಾವಳಿಗೆ ಕರೆದುಕೊಂಡು ಹೋಗಿ. ಉಡುಪಿ ಜಿಲ್ಲೆ ಕಾರ್ಕಳ ತಾಲ್ಲೂಕಿನ ನಿಟ್ಟೆಯಲ್ಲಿ ಒಣಕಸ ಬೇರ್ಪಡಿಸುವ ಘಟಕ ಇದೆ. ದಿನಕ್ಕೆ 10 ಟನ್ ಸಾಮರ್ಥ್ಯದ್ದು. ಸುತ್ತಲಿನ ಹಲವಾರು ಗ್ರಾಮ ಪಂಚಾಯ್ತಿಗಳ ಒಣಕಸ ಅಲ್ಲಿಗೆ ಬರುತ್ತದೆ. ಮಂಗಳೂರು ಹತ್ತಿರ ತೆಂಕ ಎಡಪದವಿನಲ್ಲೂ ಅಂಥದ್ದೇ ಇದೆ. ನಿಟ್ಟೆಯಲ್ಲಿ ಓಡುವ ಬೆಲ್ಟಿನ ಎರಡೂ ಕಡೆ ಹೆಣ್ಣುಮಕ್ಕಳು ನಿಂತು ಹಾಲಿನ ಕವರ್, ನೀರಿನ ಬಾಟಲಿ, ರಟ್ಟು ಅಂತ ಕೈಯಿಂದ ಬೇರೆ ಮಾಡುವುದನ್ನು ನೋಡಿದೆ. ನೋಡುತ್ತಾ ಒಂದು ವಿಷಯ ಹೊಳೆಯಿತು. ಒಂದು ಪಂಚಾಯ್ತಿಯ ಪ್ಲಾಸ್ಟಿಕ್ ಕವರ್ ತಿಂಗಳಿಗೆ ನಾಲ್ಕೈದು ಚೀಲ ಆದರೆ ಅದನ್ನು ಕೊಳ್ಳೋಕೆ ಯಾರೂ ಲಾರಿ ತರುವುದಿಲ್ಲ. ಹತ್ತಾರು ಪಂಚಾಯ್ತಿಯದು ಸೇರಿ ಒತ್ತಿ ಕಟ್ಟಿದ ಬೇಲ್ ಆದರೆ ಲಾರಿ ತಾನಾಗೇ ಬರುತ್ತದೆ. ಹಸಿಕಸಕ್ಕೆ ಇದು ಬೇಡ. ಅದನ್ನು ಊರಲ್ಲೇ, ಸಾಧ್ಯವಾದರೆ ಮನೆ ಹಿತ್ತಲಲ್ಲೇ, ಗೊಬ್ಬರ ಮಾಡಿ.

ಇನ್ನು ದುಡ್ಡಿನ ವಿಷಯ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ 2021-22ರಿಂದ 2025-26ರವರೆಗೆ ಶೇ 60 ಭಾಗ ಕಟ್ಟುಪಾಡಿನ ಹಣ, ಅಂದರೆ ಹೇಳಿದ ಕೆಲಸಕ್ಕೇ ಖರ್ಚು ಮಾಡಬೇಕಾದ ಹಣ. ಅದರಲ್ಲಿ ಅರ್ಧ ನೈರ್ಮಲ್ಯಕ್ಕೆ, ಅರ್ಧ ಕುಡಿಯುವ ನೀರು ಮತ್ತು ಮಳೆನೀರಿನ ಕೆಲಸಕ್ಕೆ. ಅಂದರೆ ಕಸಕ್ಕೆ ಅಂತಲೇ ದುಡ್ಡು ಬರುತ್ತಿತ್ತು. ಈಗಿನ ಮಾರ್ಗಸೂಚಿಯಲ್ಲಿ ಎಷ್ಟಿದೆ ಅಂತ ನಿಮ್ಮ ಪಿಡಿಒ ಹತ್ತಿರ ಕೇಳಿ, ಗ್ರಾಮಸಭೆಯಲ್ಲೇ ಕೇಳಿ. ಅಲ್ಲಿ ಕೇಳಿದರೆ ಉತ್ತರ ದಾಖಲಾಗುತ್ತದೆ.

ಪ್ರಶ್ನೆ: ಪಟ್ಟಣದ ಕಸವನ್ನು ನಮ್ಮ ಹಳ್ಳಿಯ ಗೋಮಾಳದ ಅಂಚಿಗೆ ತಂದು ಸುರಿಯುತ್ತಿದ್ದಾರೆ. ಬೋರ್‌ವೆಲ್ ನೀರು ವಾಸನೆ ಬರುತ್ತಿದೆ. ನಮ್ಮದು ಪಂಚಾಯ್ತಿ, ಅವರದು ಪುರಸಭೆ. ಇಬ್ಬರನ್ನೂ ಒಂದೇ ಮೇಜಿಗೆ ಕೂರಿಸುವವರು ಯಾರು?
— ಹಾಸನ ಜಿಲ್ಲೆಯ ಓದುಗರು

ಉತ್ತರ: ಮೊದಲು ನೀರು. ಇವತ್ತೇ ಆ ಬೋರ್‌ವೆಲ್ ನೀರು ಕುಡಿಯುವುದನ್ನು ನಿಲ್ಲಿಸಿ. ನೀರಿನ ಮಾದರಿ ಪರೀಕ್ಷೆ ಮಾಡಿಸಿ ಅಂತ ಪಂಚಾಯ್ತಿಗೆ ಲಿಖಿತವಾಗಿ ಕೊಡಿ, ಸ್ವೀಕೃತಿ ತೆಗೆದುಕೊಳ್ಳಿ. ಕಸ ವಿಲೇವಾರಿ ಜಾಗ ಕೆರೆಯಿಂದ, ಮನೆಗಳಿಂದ, ಕುಡಿಯುವ ನೀರಿನ ಬಾವಿಯಿಂದ 200 ಮೀಟರ್ ದೂರ ಇರಬೇಕು ಅಂತ 2016ರ ಘನತ್ಯಾಜ್ಯ ನಿಯಮಗಳಲ್ಲೇ ಬರೆದಿತ್ತು. ನಿಮ್ಮ ಬೋರ್‌ವೆಲ್‌ನಿಂದ ಎಷ್ಟು ದೂರ ಅಂತ ಟೇಪು ಹಿಡಿದು ಅಳೆಯಿರಿ, ಫೋಟೊ ತೆಗೆಯಿರಿ.

ಇಬ್ಬರನ್ನೂ ಕೂರಿಸುವ ಜಾಗ ಸಂವಿಧಾನದಲ್ಲೇ ಇದೆ. 243ಝಡ್‌ಡಿ ವಿಧಿ ಪ್ರಕಾರ ಜಿಲ್ಲೆಗೊಂದು ಯೋಜನಾ ಸಮಿತಿ ಇರಬೇಕು. ಪಂಚಾಯ್ತಿ ಮತ್ತು ಪಟ್ಟಣಗಳ ಯೋಜನೆಗಳನ್ನು ಒಟ್ಟು ಸೇರಿಸುವುದು ಅದರ ಕೆಲಸ. ನೀರು ಹಂಚಿಕೊಳ್ಳುವುದು, ಪರಿಸರ ಕಾಪಾಡುವುದು, ಹೀಗೆ ಹಳ್ಳಿಗೂ ಪಟ್ಟಣಕ್ಕೂ ಸೇರಿದ ವಿಷಯಗಳನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು ಅಂತ ಅದರಲ್ಲಿ ಬಿಡಿಸಿ ಹೇಳಿದೆ. ಸದಸ್ಯರಲ್ಲಿ ಐದರಲ್ಲಿ ನಾಲ್ಕು ಭಾಗ ಜಿಲ್ಲಾ ಪಂಚಾಯ್ತಿ ಮತ್ತು ಪಟ್ಟಣಗಳಿಂದ ಗೆದ್ದು ಬಂದವರೇ ಆಗಿರಬೇಕು.

ನನಗೆ ನಿಜವಾಗಿ ನೋವಾಗುವುದು ಇಲ್ಲೇ. ನಮ್ಮ ರಾಜ್ಯದಲ್ಲಿ 2016ರಲ್ಲಿ ಗೆದ್ದ ಜಿಲ್ಲಾ, ತಾಲ್ಲೂಕು ಪಂಚಾಯ್ತಿ ಸದಸ್ಯರ ಅವಧಿ 2021ಕ್ಕೆ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಆಗಲಿಲ್ಲ. ತಾಲ್ಲೂಕು ಪಂಚಾಯ್ತಿಯಲ್ಲಿ ಗ್ರಾಮ ಪಂಚಾಯ್ತಿ ಅಧ್ಯಕ್ಷರಿಗೂ ಸರದಿ ಮೇಲೆ ಜಾಗ ಇದೆ. ಅಕ್ಕಪಕ್ಕದ ಅಧ್ಯಕ್ಷರು ಒಬ್ಬರ ಮುಖ ಒಬ್ಬರು ನೋಡಿ ಮಾತಾಡುತ್ತಿದ್ದ ಕುರ್ಚಿಗಳು ಅವು. ಅವು ಖಾಲಿ ಬಿದ್ದರೆ ಎಲ್ಲವೂ ಅಧಿಕಾರಿಗಳ ಮೇಜಿಗೇ ಹೋಗುತ್ತದೆ. ಅಧಿಕಾರಿಗಳು ಎಷ್ಟೇ ಒಳ್ಳೆಯವರಾಗಿರಲಿ, ಮೂರು ವರ್ಷಕ್ಕೆ ವರ್ಗ ಆಗುವವರು.

ಸದ್ಯಕ್ಕೆ ನೀವು ಮಾಡಬೇಕಾದ್ದು ಇಷ್ಟು. ಗ್ರಾಮಸಭೆಯ ಠರಾವು, ನೀರಿನ ವರದಿ, ಫೋಟೊ ಮೂರನ್ನೂ ಜಿಲ್ಲಾಧಿಕಾರಿಗೂ ಜಿಲ್ಲಾ ಪಂಚಾಯ್ತಿ ಸಿಇಒಗೂ (ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ) ಒಂದೇ ದಿನ ಕೊಡಿ. ಪುರಸಭೆ ಜಿಲ್ಲಾಧಿಕಾರಿ ಕಡೆಗೆ ಬರುತ್ತದೆ, ಪಂಚಾಯ್ತಿ ಸಿಇಒ ಕಡೆಗೆ. ಒಬ್ಬರಿಗೇ ಕೊಟ್ಟರೆ ಕಾಗದ ಅರ್ಧ ದಾರಿಯಲ್ಲಿ ನಿಲ್ಲುತ್ತದೆ.

ಪ್ರಶ್ನೆ: ನಾಯಿಗಳ ಕಾಟ ಜಾಸ್ತಿಯಾಗಿದೆ. ಪಕ್ಕದ ಪಂಚಾಯ್ತಿಯವರು ಹಿಡಿದು ತಂದು ನಮ್ಮ ಕಡೆ ಬಿಡುತ್ತಾರೆ ಅಂತ ಅನುಮಾನ.
— ಮಂಡ್ಯ ಜಿಲ್ಲೆಯ ಓದುಗರು

ಉತ್ತರ: ಅನುಮಾನದ ಮೇಲೆ ಜಗಳಕ್ಕೆ ಹೋಗಬೇಡಿ. ನಾಯಿಗಳು ಮಾಂಸದ ಅಂಗಡಿ ಮತ್ತು ಕಸದ ಗುಡ್ಡೆ ಹುಡುಕಿಕೊಂಡು ತಾವೇ ಬರುತ್ತವೆ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಜವಾಬ್ದಾರಿಯನ್ನು 2023ರ ಕೇಂದ್ರ ನಿಯಮಗಳು ಸ್ಥಳೀಯ ಸಂಸ್ಥೆಗಳ ಮೇಲೇ ಹಾಕಿವೆ. ಆದರೆ ವೈದ್ಯರು, ಗೂಡು, ಗಾಡಿ ಎಲ್ಲಾ ಒಂದೇ ಪಂಚಾಯ್ತಿಯ ಕೈಲಿ ಆಗುವ ಮಾತಲ್ಲ. ನೀವು ಒಬ್ಬರೇ ಮಾಡಿಸಿದರೂ ಪಕ್ಕದಲ್ಲಿ ಮರಿಗಳು ಹುಟ್ಟುತ್ತಲೇ ಇರುತ್ತವೆ. ಏಳೆಂಟು ಪಂಚಾಯ್ತಿ ಸೇರಿ, ಪಶುಪಾಲನಾ ಇಲಾಖೆ ಜೊತೆ ಮಾತಾಡಿ, ತಾಲ್ಲೂಕಿಗೆ ಒಂದು ಕಡೆ ಮಾಡುವುದೇ ಸರಿ. ಅಷ್ಟರಲ್ಲಿ ಯಾರಿಗಾದರೂ ನಾಯಿ ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ಹರಿಯುವ ನೀರಲ್ಲಿ ತೊಳೆದು, ಅವತ್ತೇ ಆಸ್ಪತ್ರೆಗೆ ಹೋಗಿ. ಅರಿಶಿನ, ಸುಣ್ಣ ಹಚ್ಚಿಕೊಂಡು ಮನೆಯಲ್ಲಿ ಕೂರಬೇಡಿ.

ಪ್ರಶ್ನೆ: ನಮ್ಮ ಕೆರೆ ಏರಿ, ತೂಬು, ಅಚ್ಚುಕಟ್ಟು ನಮ್ಮ ಪಂಚಾಯ್ತಿಯಲ್ಲಿದೆ. ನೀರು ಬರುವ ಕಾಲುವೆ ಮಾತ್ರ ಮೇಲಿನ ಪಂಚಾಯ್ತಿಯಲ್ಲಿದೆ. ಅಲ್ಲಿ ಹೂಳು ತುಂಬಿದೆ, ಒಂದೆರಡು ಕಡೆ ಒತ್ತುವರಿಯೂ ಆಗಿದೆ. ಮೇಲಿನವರಿಗೆ ಇದರಿಂದ ಲಾಭ ಇಲ್ಲ, ಹಾಗಾಗಿ ಮುಟ್ಟುವುದಿಲ್ಲ. ದಾರಿ ಇದೆಯೇ?
— ಚಿಕ್ಕಬಳ್ಳಾಪುರ ಜಿಲ್ಲೆಯ ಓದುಗರು

ಉತ್ತರ: ಮೇಲಿನವರಿಗೆ ಲಾಭ ಇಲ್ಲ ಅನ್ನೋದನ್ನು ನಾನು ಒಪ್ಪುವುದಿಲ್ಲ. ಕಾಲುವೆ ಮುಚ್ಚಿಹೋದರೆ ಜೋರು ಮಳೆಯಲ್ಲಿ ನೀರು ಎಲ್ಲಿಗೆ ಹೋಗುತ್ತದೆ? ಅವರದೇ ಹೊಲಕ್ಕೆ, ಅವರದೇ ಬೀದಿಗೆ. ಮಾತು ಶುರು ಮಾಡುವಾಗ "ನಮ್ಮ ಕೆರೆ ತುಂಬಬೇಕು" ಅಂತ ಶುರು ಮಾಡಬೇಡಿ. "ಹೋದ ವರ್ಷ ನಿಮ್ಮ ಯಾವ ಹೊಲಕ್ಕೆ ನೀರು ನುಗ್ಗಿತ್ತು?" ಅಂತ ಕೇಳಿ. ನಿಮ್ಮ ಕಡೆಯದು ಬಹುತೇಕ ಸರಣಿ ಕೆರೆಗಳು. ಮೇಲಿನ ಕೆರೆ ಕೋಡಿ ಬಿದ್ದ ನೀರೇ ಕೆಳಗಿನ ಕೆರೆಗೆ ಬರಬೇಕು. ಕಟ್ಟಿದವರು ಊರಿನ ಎಲ್ಲೆ ನೋಡಿ ಕಟ್ಟಲಿಲ್ಲ, ನೀರು ಹರಿಯುವ ಇಳಿಜಾರು ನೋಡಿ ಕಟ್ಟಿದರು. ಪಂಚಾಯ್ತಿ ಗಡಿ ಅದರ ಮೇಲೆ ಆಮೇಲೆ ಬಂದು ಕೂತಿದ್ದು.

ಕೆರೆ ಯಾರ ಸುಪರ್ದಿಯಲ್ಲಿದೆ ಅಂತ ಮೊದಲು ಗೊತ್ತು ಮಾಡಿಕೊಳ್ಳಿ. ಅಚ್ಚುಕಟ್ಟು, ಅಂದರೆ ಕೆರೆ ನೀರಿನಿಂದ ಬೆಳೆಯುವ ಜಮೀನು, 40 ಹೆಕ್ಟೇರ್‌ಗಿಂತ ಕಡಿಮೆ ಇದ್ದರೆ ಪಂಚಾಯತ್ ರಾಜ್ ಕಡೆ ಬರುತ್ತದೆ. ಜಾಸ್ತಿ ಇದ್ದರೆ ಸಣ್ಣ ನೀರಾವರಿ ಇಲಾಖೆ. ಒತ್ತುವರಿ ತೆಗೆಸುವುದು ಕಂದಾಯದವರ ಕೆಲಸ, ತಹಸೀಲ್ದಾರರಿಗೆ ಅರ್ಜಿ ಕೊಡಬೇಕು. ಆ ಅರ್ಜಿಗೆ ಎರಡೂ ಪಂಚಾಯ್ತಿ ಅಧ್ಯಕ್ಷರ ಸಹಿ ಇದ್ದರೆ ತೂಕವೇ ಬೇರೆ. ಕೆಳಗಿನವರು ಮಾತ್ರ ದೂರು ಕೊಟ್ಟರೆ ಅದು ಎರಡು ಊರಿನ ಜಗಳದ ಹಾಗೆ ಕಾಣುತ್ತದೆ.

ಹೂಳಿಗೆ ನಮ್ಮ ಕಾಲದಲ್ಲಿ ಒಂದು ದಾರಿ ಮಾಡಿದ್ದೆವು. ಉದ್ಯೋಗ ಖಾತ್ರಿಯಲ್ಲಿ ಒಂದು ಪಂಚಾಯ್ತಿ ಇನ್ನೊಂದರ ಹದ್ದಿಗೆ ಹೋಗಿ ಕೆಲಸ ಮಾಡುವುದು ತೊಡಕಾಗಿತ್ತು. ಹಾಗಾಗಿ ಎರಡೂ ಪಂಚಾಯ್ತಿಯವರು ಅವರವರ ಭಾಗದ ಕಾಲುವೆಯನ್ನು ಅವರವರ ಕ್ರಿಯಾ ಯೋಜನೆಯಲ್ಲೇ ಸೇರಿಸಿ, ಒಂದೇ ವಾರ ಕೆಲಸ ಶುರು ಮಾಡಿಸಿದೆವು. ಮೇಲಿನಿಂದ ಅವರು ತೆಗೆಯುತ್ತಾ ಬಂದರು, ಕೆಳಗಿನಿಂದ ನಾವು ಹೋದೆವು. ಗಡಿಯ ಹುಣಸೆ ಮರದ ಹತ್ತಿರ ಎರಡೂ ಗುಂಪು ಸೇರಿದ ದಿನ ಮಧ್ಯಾಹ್ನ ಎಲ್ಲರೂ ಬುತ್ತಿ ಬಿಚ್ಚಿ ಒಟ್ಟಿಗೆ ಕೂತರು. ಒಬ್ಬರ ಮುದ್ದೆಗೆ ಇನ್ನೊಬ್ಬರ ಸೊಪ್ಪಿನ ಸಾರು. ಹೂಳು ಗೋಡು ಮಣ್ಣಾದ್ದರಿಂದ ಮೇಲಿನ ರೈತರೇ ಟ್ರ್ಯಾಕ್ಟರ್ ತಂದು ಹೊಲಕ್ಕೆ ಹೊಡೆದುಕೊಂಡರು. ಲಾಭ ಇಲ್ಲ ಅಂದವರಿಗೆ ಸಿಕ್ಕ ಲಾಭ ಅದು.

ಅದಕ್ಕೂ ಮೊದಲು ಒಂದು ಕೆಲಸ ಇದೆ. ನಿಮ್ಮೂರಿನಲ್ಲಿ ಹಳೇ ನೀರುಗಂಟಿ (ಕೆರೆ ನೀರು ಬಿಟ್ಟು ಹಂಚುತ್ತಿದ್ದವರು) ಮನೆತನದವರು ಯಾರಾದರೂ ಇದ್ದಾರಾ ವಿಚಾರಿಸಿ. ನಕ್ಷೆಯಲ್ಲಿ ಅಳಿಸಿಹೋದ ಕಾಲುವೆಯ ಕವಲು ಅವರ ನೆನಪಿನಲ್ಲಿ ಇರುತ್ತದೆ. ಮುಂಗಾರಿಗೆ ಮುಂಚೆ, ಕಾಲುವೆ ಒಣಗಿರುವಾಗ, ಒಂದು ಬೆಳಗ್ಗೆ ಇಬ್ಬರು ಅಧ್ಯಕ್ಷರು, ಇಬ್ಬರು ಪಿಡಿಒಗಳನ್ನು ಕರೆದುಕೊಂಡು ಅವರ ಹಿಂದೆ ತೂಬಿನಿಂದ ಮೇಲಿನ ಕೋಡಿಯವರೆಗೆ ನಡೆಯಿರಿ. ಎಲ್ಲೆಲ್ಲಿ ಕಟ್ಟಿಕೊಂಡಿದೆ ಅಂತ ಒಂದೇ ಹಾಳೆಯಲ್ಲಿ ಬರೆದು, ಅಲ್ಲೇ ನಾಲ್ವರ ಸಹಿ ಹಾಕಿಸಿ. ಆ ಹಾಳೆಯ ಪ್ರತಿ ನನಗೂ ಕಳಿಸಿ, ಮುಂದಿನ ಅರ್ಜಿ ಬರೆಯಲು ನಾನು ಸಹಾಯ ಮಾಡುತ್ತೇನೆ.