ಸೆಕೆ, ತೇವ ಜಾಸ್ತಿ ಇರುವ ಕಡೆ ಹಿತ್ತಲಲ್ಲಿ ಕೃತಕ ಹುಲ್ಲಿನ ಪಟಿಂಗ್ ಗ್ರೀನ್ ಹಾಕಿಸಿದರೆ ಬಾಳಿಕೆ ಬರುತ್ತಾ?

ಬರುತ್ತದೆ, ಆದರೆ ಹುಲ್ಲಿಗಿಂತ ಅದರ ಅಡಿಪಾಯದ ಮೇಲೆ ಜಾಸ್ತಿ ಗಮನ ಕೊಡಿ. ಗಾಲ್ಫ್ ಚೆಂಡನ್ನು ಮೆಲ್ಲಗೆ ಉರುಳಿಸಿ ಕುಳಿಗೆ ಹಾಕುವ ಜಾಗ ಇದು, ಅಲ್ವಾ? ಕೆಳಗೆ ನೀರು ನಿಂತರೆ ಮಣ್ಣು ಉಬ್ಬಿ ಕುಗ್ಗಿ ಮೇಲ್ಮೈ ಏರುಪೇರಾಗುತ್ತದೆ, ಚೆಂಡು ದಾರಿ ತಪ್ಪುತ್ತದೆ. ತೇವದ ಹವೆಯಲ್ಲಿ ನೀರು ಬೇಗ ಆರುವುದಿಲ್ಲ, ಹಾಗಾಗಿ ಅದು ಕೆಳಗಿಳಿದು ಹರಿದು ಹೋಗಲೇಬೇಕು. ಮೇಲ್ಮಣ್ಣು ತೆಗೆದು, ಮಣ್ಣು ಜಲ್ಲಿ ಬೆರೆಯದಂತೆ ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ ಹಾಸಿ, ಅದರ ಮೇಲೆ ಸುಮಾರು 10 ಸೆಂ.ಮೀ. ಸಣ್ಣ ಜಲ್ಲಿಯನ್ನು ಎರಡು ಪದರದಲ್ಲಿ ಚೆನ್ನಾಗಿ ದಮ್ಮಸ್ಸು ಮಾಡಿ, ನೂರಕ್ಕೆ 1ರಿಂದ 2ರಷ್ಟು ಇಳಿಜಾರು ಕೊಡಿ. ತಳದಲ್ಲಿ ತೂತುಗಳಿರುವ ಹುಲ್ಲನ್ನೇ ಕೊಳ್ಳಿ.

ಇನ್ನು ಬಿಸಿ. ನಿಜವಾದ ಹುಲ್ಲು ಎಲೆಯಿಂದ ನೀರು ಬಿಟ್ಟು ತಂಪಾಗುತ್ತದೆ, ಪ್ಲಾಸ್ಟಿಕ್ ಎಳೆಗೆ ಆ ದಾರಿ ಇಲ್ಲ, ಹಾಗಾಗಿ ಸುಡುಬಿಸಿಲಲ್ಲಿ ಅದು 60 ಡಿಗ್ರಿ ಸೆಲ್ಸಿಯಸ್ ದಾಟಬಹುದು. ಬರಿಗಾಲಲ್ಲಿ ಮಕ್ಕಳನ್ನು ಬಿಡಲೇಬೇಡಿ. ನೀರು ಚಿಮುಕಿಸಿದರೆ ಸ್ವಲ್ಪ ಹೊತ್ತಷ್ಟೇ ತಂಪು. ಮಧ್ಯಾಹ್ನ ನೆರಳು ಬೀಳುವ ಜಾಗ ಒಳ್ಳೆಯದು, ಆದರೆ ಗಾಳಿಯಾಡಬೇಕು. ಉದುರಿದ ಎಲೆ ಹಾಗೇ ಬಿಟ್ಟರೆ ಪಾಚಿ ಹಿಡಿಯುತ್ತದೆ.